ಮೊನ್ನಾಳೆ

ಗುಳ್ಳೆ, ಅದೊಂದು ಒಡೆಯಿತು, ಇನ್ನೊಂದು ಕೋರೆಹಲ್ಲಿನ ಜಾಗದಲ್ಲಿ ಮೊಂಡುಬಿದ್ದು ಕೂತಿದೆ, ತಟ್ಟಬೇಕು, ಅಚ್ಚನ್ನು ಮೇಜಿನ ಅಂಚಿಗೆ ಮೆಲ್ಲಗೆ ತಟ್ಟುತ್ತಲೇ ಇದ್ದರೆ ಪ್ಲಾಸ್ಟರಿನೊಳಗಿನ ಗಾಳಿ ತಾನಾಗಿ ಮೇಲೆ ಬರುತ್ತದೆ, ಅವಸರ ಮಾಡಿದರೆ ಒಳಗೇ ಉಳಿದುಕೊಂಡು ಆಮೇಲೆ ಕಟ್ಟುಹಲ್ಲು ಯಾರದೋ ವಸಡಿಗೆ ಒತ್ತುತ್ತದೆ — ಹಾಂ, ಬಂತು, ಒಡೆಯಿತು. ಇನ್ನು ಇದು ಗಟ್ಟಿಯಾಗುವವರೆಗೆ ಕೈಗೆ ಕೆಲಸವಿಲ್ಲ, ಕೈಗೆ ಕೆಲಸವಿಲ್ಲದಿದ್ದರೆ ಫೋನು, ಫೋನೆಂದರೆ ಅವಳು. ಕೈ ಒರೆಸಿಕೋ ಮೊದಲು, ಪರದೆಯ ತುಂಬ ಬಿಳೀ ಹೆಬ್ಬೆಟ್ಟು. ಕಿಟಕಿಯ ಬಿಸಿಲು ಟ್ರೇಯೊಳಗಿನ ಹಲ್ಲುಗಳ ಮೇಲೆ ಬಿದ್ದು ಅಷ್ಟೂ ನನ್ನನ್ನು ನೋಡಿ ಕಿಸಿಯುತ್ತಿವೆ, ಕಿಸಿಯಿರಿ, ನಿಮಗೇನು, ಬಾಯಿಲ್ಲದವಕ್ಕೆ ಯಾವ ಚಿಂತೆ. ಒಂಟಿ ಚಪ್ಪಲಿ — ಫೋನಿನಲ್ಲಿ ಅವಳು ಬರೆಯುವ ಪುಟದಲ್ಲಿ ಅವಳ ಹೆಸರು ಅದು, ನನ್ನ ಹೆಂಡತಿ ತನಗೆ ತಾನೇ ಇಟ್ಟುಕೊಂಡದ್ದು, ಮೊದಲ ಸಲ ಓದಿದಾಗ ಹಾಗಾದರೆ ಜೋಡಿಯ ಇನ್ನೊಂದು ಚಪ್ಪಲಿ ನಾನೋ ಅಂತ ಮೈಯೆಲ್ಲ ಉರಿದಿತ್ತು. ಅವಳ ತಂಗಿಯೇ ಲಿಂಕು ಕಳಿಸಿದ್ದು, ಭಾವ, ಅಕ್ಕ ಏನೇನೋ ಬರೀತಾಳೆ, ಓದಿ, ನಾನು ಕಳಿಸ್ದೆ ಅಂತ ಮಾತ್ರ ಹೇಳ್ಬೇಡಿ. ಹೇಳುವುದೆಲ್ಲಿಂದ ಬಂತು, ನಾನಾಗಿ ಮಾಡೋವರೆಗೂ ನೀವು ಫೋನ್ ಮಾಡ್ಬೇಡಿ ಅಂತ ಬ್ಯಾಗು ಹಿಡಿದು ಹೋದವಳಿಗೆ. ಹೋದದ್ದೂ ಬಹಳ ದೂರವೇನಲ್ಲ, ಆ ತಂಗಿಯ ಮನೆಗೇ, ಬಸ್ಸು ಬದಲಾಯಿಸಿದರೆ ಮುಗಿಯಿತು, ದಾರಿ ಗೊತ್ತು, ಬಸ್ಸಿನ ನಂಬರೂ ಗೊತ್ತು, ಹತ್ತುವುದಿಲ್ಲ ಅಷ್ಟೆ.

ದಿನಕ್ಕೊಂದು ಹುಚ್ಚು ಅಂತ ತಲೆಬರಹ, ತನ್ನ ಹುಚ್ಚುಗಳನ್ನೇ ಒಂದೊಂದಾಗಿ ಬರೆಯುತ್ತಾಳೆ, ಲೋಕವೆಲ್ಲ ಓದುತ್ತದೆ. ಎಸ್ಕಲೇಟರ್ ಕಂಡ್ರೆ ನಂಗೆ ಜೀವ ಬಾಯಿಗೆ ಬರುತ್ತೆ, ಪಕ್ಕದಲ್ಲಿರೋರ ತೋಳು ಗಟ್ಟಿಯಾಗಿ ಹಿಡ್ಕೊಂಡುಬಿಡ್ತೀನಿ — ಪಕ್ಕದಲ್ಲಿರೋರು, ಆಹಾ, ಆ ತೋಳು ನನ್ನದು ಕಣೇ, ನೀನು ಹಿಡಿದಾಗಲೆಲ್ಲ ನನ್ನ ಮೇಲೆ ಪ್ರೀತಿ ಉಕ್ಕಿತು ಅಂದುಕೊಂಡು ಎದೆಯುಬ್ಬಿಸಿ ನಿಲ್ಲುತ್ತಿದ್ದೆ, ಮೇಲೆ ತಲುಪಿದ ಕೂಡಲೇ ಯಾಕಪ್ಪಾ ಬಿಟ್ಟುಬಿಟ್ಟಳು ಅಂತ ತಲೆಕೆಡಿಸಿಕೊಳ್ಳುತ್ತಿದ್ದೆ. ಟೀ ಕುಡಿದಾಗ ತಳದಲ್ಲಿ ಒಂದು ಗುಟುಕು ಬಿಟ್ಟೇ ಬಿಡ್ತೀನಿ, ಅದು ಇರೋವರೆಗೂ ಏಳು ಅಂತ ಯಾರೂ ಅನ್ನೋ ಹಾಗಿಲ್ಲ. ಅಯ್ಯೋ, ಅದಕ್ಕಾ, ಅಷ್ಟು ವರ್ಷ ಆ ಲೋಟ ನನ್ನ ಎದುರಿಗೇ ಇತ್ತು, ನನಗೊಂದು ಮಾತು ಹೇಳಬಾರದಿತ್ತೇ, ಹೇಳಿದ್ದರೆ ನಾನೂ ಒಂದು ಗುಟುಕು ಉಳಿಸಿಕೊಂಡು ಎದುರಿಗೆ ಕೂತಿರುತ್ತಿದ್ದೆ, ಈಗ ಕಾಣದ ಕೇಳದ ಜನ ಅದರ ಕೆಳಗೆ ಹೃದಯ ಒತ್ತಿ ಹೋಗಿದ್ದಾರೆ, ನಂಗೂ ಹಾಗೇ ನಂಗೂ ಹಾಗೇ ಅಂತ. ಆಗಲೂ ಬರೆಯುತ್ತಿದ್ದಳು, ನೀಲಿ ರಟ್ಟಿನ ಡೈರಿ, ಅದನ್ನು ಊಟದ ಮೇಜಿನ ಮೇಲೆ ತೆರೆದೇ ಇಟ್ಟು ಸ್ನಾನಕ್ಕೆ ಹೋಗುತ್ತಿದ್ದಳು, ಓದ್ಬೇಡಿ ಮತ್ತೆ, ಅಂತ ಬಚ್ಚಲಿನಿಂದಲೇ ಕೂಗುತ್ತಿದ್ದಳು, ನಾನು ಓದಲಿಲ್ಲ, ಮಹಾ ಸಭ್ಯಸ್ಥ, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತೆ. ಓದಬೇಡಿ ಅನ್ನುವುದನ್ನು ಅಷ್ಟು ಗಟ್ಟಿಯಾಗಿ ಯಾರಾದರೂ ಕೂಗುತ್ತಾರೆಯೇ, ಈಗ ಹೊಳೆಯುತ್ತದೆ ಈ ದಡ್ಡ ತಲೆಗೆ. ಅವಳು ಹೋದ ಮೇಲೆ ನಾನೂ ಒಂದು ಡೈರಿ ಕೊಂಡೆ, ಇವತ್ತು ಸೆಕೆ ಅಂತ ಬರೆದೆ, ಮುಂದಕ್ಕೆ ಪೆನ್ನು ಹೋಗಲಿಲ್ಲ. ಹಲ್ಲಿನ ಅಳತೆಗೆ ಕೂತವರಿಗೆ ಸರಿಯಾಗಿ ಕಚ್ಚಿ ಅಂದರೆ ಒಬ್ಬರೂ ಸರಿಯಾಗಿ ಕಚ್ಚುವುದಿಲ್ಲ, ದವಡೆಯನ್ನು ಎಲ್ಲಿಗೋ ಎಳೆದುಕೊಂಡು ಹೋಗುತ್ತಾರೆ, ಅದಕ್ಕೇ ಡಾಕ್ಟರು ಉಗುಳು ನುಂಗಿ ಅನ್ನುತ್ತಾರೆ, ನುಂಗಿದ ಕ್ಷಣ ದವಡೆ ತನ್ನ ಜಾಗಕ್ಕೆ ತಾನೇ ಬಂದು ಕೂರುತ್ತದೆ. ನನ್ನ ಬಗ್ಗೆ ನಾನೇ ಬರೆಯಲು ಕೂತರೂ ಹಾಗೇ, ಎಲ್ಲಿಗೋ ಹೋಗುತ್ತದೆ, ನುಂಗುವುದು ಮಾತ್ರ ಚೆನ್ನಾಗಿ ಬರುತ್ತದೆ. ಕೊನೆಗೆ ದಾರಿಹೋಕ ಅಂತ ಒಂದು ಸುಳ್ಳು ಹೆಸರಿಟ್ಟುಕೊಂಡು ಅವಳ ಎಸ್ಕಲೇಟರಿನ ಕೆಳಗೆ ಬರೆದೆ, ಹೆದರಬೇಡಿ, ಮುಂದೆ ನೋಡಿ, ಕಾಲು ನೋಡಬೇಡಿ. ಥ್ಯಾಂಕ್ಯೂ ಅಂತ ಬರೆದು ಪಕ್ಕದಲ್ಲೊಂದು ನಗುವ ಮುಖ ಹಾಕಿದಳು. ಆ ಸಂಜೆಯೆಲ್ಲ ಹೊಟ್ಟೆಕಿಚ್ಚು, ಯಾವನವನು ದಾರಿಹೋಕ, ನನ್ನ ಹೆಂಡತಿಗೆ ಅವನ ಜೊತೆ ಏನು ನಗು — ಅವನು ನಾನೇ ಅನ್ನುವುದು ನೆನಪಾಗಿ ಇನ್ನಷ್ಟು ಹೊಟ್ಟೆಕಿಚ್ಚಾಯಿತು.

ಇವತ್ತಿನದು ಬಂದಿದೆ, ಈಗಷ್ಟೇ ಹಾಕಿದ್ದಾಳೆ, ಚಿಕ್ಕದು. ನಾಡಿದ್ದು ಅನ್ನೋ ಕಡೆ ನನ್ನ ಬಾಯಲ್ಲಿ ಮೊನ್ನಾಳೆ ಅಂತ ಬರುತ್ತೆ, ಮೊನ್ನೆ ನಾಳೆ ಎರಡೂ ಸೇರಿ, ಚಿಕ್ಕಂದಿನಿಂದಲೂ ಹಾಗೇ. ಏನಂದೆ? ಮತ್ತೊಮ್ಮೆ ಓದು, ಕನ್ನಡಕ ಹಾಕಿಕೊಂಡು ಓದು, ಚಿಕ್ಕಂದಿನಿಂದಲೂ. ಸುಳ್ಳು, ಶುದ್ಧ ಸುಳ್ಳು, ಆ ಮಾತು ಹುಟ್ಟಿದ್ದು ಇಲ್ಲಿ, ಇದೇ ಅಂಗಡಿಯಲ್ಲಿ, ಈ ಮೇಜಿನ ಮುಂದೆ, ನನ್ನ ಬಾಯಲ್ಲಿ. ಮದುವೆಯಾದ ಹೊಸದು, ಮಧ್ಯಾಹ್ನದ ಊಟದ ಡಬ್ಬಿ ತಂದು ಅವಳು ಆ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು, ಸೊಸೆಯ ಕೈ ಹಿಡಿದು ಬಂದ ಒಬ್ಬ ಅಜ್ಜಿ ನನ್ನ ಹಲ್ಲು ಯಾವತ್ತಪ್ಪಾ ಅಂತ ಕೇಳಿದರು, ಹೆಂಡತಿ ನೋಡುತ್ತಿದ್ದಾಳೆ ಅಂತ ನಾನು ಬಿಗಿಯಾಗಿ, ದೊಡ್ಡ ಮನುಷ್ಯನ ಹಾಗೆ, ನಾಡಿದ್ದು ಅನ್ನಲು ಹೋಗಿ ಮೊನ್ನೆಯೂ ನಾಳೆಯೂ ಒಟ್ಟಿಗೆ ನಾಲಿಗೆಗೆ ಸಿಕ್ಕಿ, ಮೊನ್ನಾಳೆ ಬನ್ನಿ ಅಮ್ಮ, ಅಂದುಬಿಟ್ಟೆ. ಅಜ್ಜಿ ಆಗಲಪ್ಪ ಅಂತ ತಲೆಯಾಡಿಸಿ ಹೊರಟೇ ಹೋದರು. ಮೂಲೆಯಲ್ಲಿ ಅವಳು — ಮೇಲಿನ ಹಲ್ಲು ಕೆಳತುಟಿಯ ಮೇಲೆ, ನಗು ತಡೆಯಲು, ತುಟಿ ಬೆಳ್ಳಗಾಗುವಷ್ಟು ಒತ್ತಿಕೊಂಡು, ಕಣ್ಣಲ್ಲಿ ನೀರು. ಅವತ್ತಿನಿಂದ ಮನೆಯಲ್ಲಿ ಅದೇ ಮಾತು, ಫ್ಯಾನು ಯಾವಾಗ ರಿಪೇರಿ ಮಾಡಿಸ್ತೀರಿ, ಮೊನ್ನಾಳೆ, ಸಿನಿಮಾಗೆ ಯಾವಾಗ, ಮೊನ್ನಾಳೆ, ಗ್ಯಾಸಿನವನು ಏನಂದ, ಇನ್ನೇನಂತಾನೆ ಮೊನ್ನಾಳೆ ಅಂದ, ಕ್ಯಾಲೆಂಡರಿನಲ್ಲಿ ಇಲ್ಲದ ಒಂದು ದಿನ, ನಮ್ಮಿಬ್ಬರದೇ ದಿನ, ಆಗಬೇಕಾದದ್ದೆಲ್ಲ ಆಗುವ ದಿನ. ಆಮೇಲಾಮೇಲೆ ಬಹಳ ಕೆಲಸಗಳು ಅಲ್ಲಿಗೇ ಹೋಗಿ ಸೇರಿದವು, ಅದೂ ನಿಜ. ಮತ್ತೆ ಆ ಬೆಳಿಗ್ಗೆ, ಬಾಗಿಲು, ಬ್ಯಾಗು, ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ಚಪ್ಪಲಿ ಹೊರಳಿಬಿದ್ದು, ಅವಳು ಬಗ್ಗಿ ಅದನ್ನು ನೆಟ್ಟಗೆ ಮಾಡುತ್ತಿದ್ದಾಳೆ, ಈ ಮನೇಲಿ ನಾನು ಮಾತಾಡಿದ್ರೆ ಗೋಡೆ ಕೇಳಿಸ್ಕೊಳ್ಳುತ್ತೆ, ನೀವಲ್ಲ, ಅಂತ ಆಗಲೇ ಹೇಳಿ ಮುಗಿಸಿದ್ದಾಳೆ, ನಾನು ಕಂಬದ ಹಾಗೆ ನಿಂತಿದ್ದೇನೆ, ಹೋಗಬೇಡ ಅನ್ನುವ ಒಂದು ಮಾತು ಗಂಟಲಲ್ಲಿ, ಬಾಯಿಂದ ಹೊರಗೆ ಬಂದದ್ದು, ಯಾವಾಗ ಬರ್ತೀಯ. ಅವಳು ತಿರುಗಿ ನೋಡಿದಳು. ಮೊನ್ನಾಳೆ, ಅಂದಳು. ಮೇಲಿನ ಹಲ್ಲು ಕೆಳತುಟಿಯ ಮೇಲೆ. ನಗುತ್ತಿದ್ದಳೋ ಅಳುತ್ತಿದ್ದಳೋ, ಬೆಳಕು ಹಿಂದಿನಿಂದ ಇತ್ತು, ಕಾಣಲಿಲ್ಲ.

ಅದೊಂದು ಮಾತಿನ ಮೇಲೆ ಇಷ್ಟು ದಿನ ಬದುಕಿದ್ದೇನೆ ನಾನು, ಯಾರಿಗೂ ಹೇಳಿಲ್ಲ, ಹೇಳಿದರೆ ನಗುತ್ತಾರೆ. ಮೊನ್ನಾಳೆ ಅಂದರೆ ಬರುವುದೇ ಇಲ್ಲ ಅಂತಲೂ ಆಗುತ್ತದೆ, ನೆನಪಿದೆ ಕಣ್ರೀ ಅಂತಲೂ ಆಗುತ್ತದೆ, ಯಾವುದೇ ಆಗಲಿ, ಅದು ನನ್ನ ಮಾತು, ನನ್ನಿಂದ ಕಲಿತದ್ದನ್ನು ನನಗೇ ಕೊಟ್ಟು ಹೋದಳು ಅಂದುಕೊಂಡಿದ್ದೆ. ಈಗ ಚಿಕ್ಕಂದಿನಿಂದಲೂ ಅಂದರೆ? ಹಾಗಾದರೆ ಅವತ್ತು ಬಾಗಿಲಲ್ಲಿ ಹೇಳಿದ್ದು ನನಗಲ್ಲ, ಹಾಲಿನವನಿಗೂ ಹಾಗೇ ಹೇಳುತ್ತಿದ್ದಳು, ಅಭ್ಯಾಸಬಲ, ಬಾಯಿಗೆ ಬಂದ ಮಾತು. ಎಸ್ಕಲೇಟರಿನಲ್ಲಿ ನನ್ನನ್ನು ಪಕ್ಕದಲ್ಲಿರೋರು ಮಾಡಿದೆ ನೀನು, ನಾನು ಸುಮ್ಮನಿದ್ದೆ, ಇದರಲ್ಲಿ ಅಷ್ಟೂ ಇಲ್ಲ, ಪೂರ್ತಿ ಅಳಿಸಿಹಾಕಿದೆ. ಫೋನು ಬಡಿದುಕೊಳ್ಳುತ್ತಿದೆ, ಅವಳಲ್ಲ, ಡಾಕ್ಟರು, ಏನಪ್ಪಾ, ಮೇಷ್ಟ್ರ ಸೆಟ್ಟು ಎಲ್ಲಿಗೆ ಬಂತು, ಭಾಷಣ ಇದೆಯಂತೆ, ಬೊಚ್ಚುಬಾಯಲ್ಲಿ ಹೇಗೆ ಮಾಡಲಿ ಅಂತ ನನ್ನ ಪ್ರಾಣ ತಿಂತಿದಾರೆ. ನಾ-ಡಿ-ದ್ದು ಸಾರ್, ಒಂದೊಂದು ಅಕ್ಷರವಾಗಿ ಬಿಡಿಸಿ ಹೇಳಿದೆ, ನೆಗಡಿಯಾ ಅಂತ ಕೇಳಿದರು, ಹೌದು ಸಾರ್ ಅಂದೆ. ಸರಿ, ಈಗೇನು ಮಾಡುವುದು. ಸುಳ್ಳು ಅಂತ ಬರೆದರೆ ದಾರಿಹೋಕ ಯಾರು ಅಂತ ಅವಳಿಗೆ ಆ ಕ್ಷಣವೇ ಗೊತ್ತಾಗುತ್ತದೆ, ಕದ್ದು ಓದಿದಿರಾ ಅಂತ ಬಾಗಿಲು ಹಾಕಿಕೊಳ್ಳುತ್ತಾಳೆ, ನಾಳೆಯಿಂದ ಈ ಕಿಟಕಿಯೂ ಇಲ್ಲ, ಅವಳಿಗೆ ನೆಗಡಿಯಾಯಿತೋ, ಮೆಟ್ಟಿಲು ಹತ್ತುವಾಗ ಮಂಡಿ ನೋಯುತ್ತದೋ, ಯಾವ ಹಾಡು ಗುನುಗಿದಳೋ, ಏನೂ ಗೊತ್ತಾಗುವುದಿಲ್ಲ. ಬರೆಯದಿದ್ದರೆ ಓದುತ್ತಲೇ ಇರಬಹುದು, ಹಾಯಾಗಿ, ಅವಳ ಬದುಕಿನಲ್ಲಿ ನಾನು ಯಾವತ್ತೂ ಇರಲೇ ಇಲ್ಲ ಅನ್ನುವುದನ್ನು ದಿನಕ್ಕೊಂದರಂತೆ ಓದುತ್ತಾ. ಉಗುಳು ನುಂಗಿದೆ, ಅಯ್ಯೋ ಮತ್ತೆ ನುಂಗಿದೆ, ಸಾಕು, ಎಷ್ಟು ಅಂತ ನುಂಗುವುದು. ಸುಳ್ಳು ಅಂತ ಬರೆದೆ, ಒರಟಾಯಿತು ಅಂತ ಅಳಿಸಿದೆ, ದಯವಿಟ್ಟು ಅಂತ ಬರೆದೆ, ಅರ್ಜಿಯ ಹಾಗಾಯಿತು, ಅಳಿಸಿದೆ, ಮತ್ತೆ ಬರೆದೆ, ಇದು ನಿಮ್ಮ ಚಿಕ್ಕಂದಿನ ಮಾತಲ್ಲ, ನೀವು ಇದನ್ನ ಒಬ್ಬರ ಬಾಯಿಂದ ಕಲಿತಿದ್ದು, ಅವರಿಗೆ ಅದು ಇನ್ನೂ ಬೇಕು. ಒತ್ತಿಬಿಟ್ಟೆ. ಹೋಯಿತು. ಬೋರಲು ಹಾಕಿದೆ ಫೋನನ್ನು, ಮೇಜಿನ ಮೇಲೆ, ಪ್ಲಾಸ್ಟರಿನ ಪುಡಿಯ ಮೇಲೆ.

ಟಿಂಗ್ ಅಂದಿತು, ನೋಡಬೇಡ, ನೋಡು, ಅವಳಲ್ಲ, ಕಾಫಿಪುಡಿ ಅಂತ ಹೆಸರಿಟ್ಟುಕೊಂಡ ಯಾರೋ ಒಬ್ಬರು, ದಿನವೂ ಅವಳಿಗೆ ಹೃದಯ ಒತ್ತುವ ಗಿರಾಕಿ. ಅವರ ಬಾಲ್ಯ ನಿಮಗೇನ್ರೀ ಗೊತ್ತು, ದಾರಿಹೋಕರು ದಾರಿ ನೋಡ್ಕೊಂಡು ಹೋಗ್ಬೇಕು. ಸರಿಯಾಗಿಯೇ ಹೇಳಿದರು, ನಗು ಕೂಡ ಬಂತು, ಮಾನ ಹರಾಜಾದ ಮೇಲೆ ನಗುವುದಕ್ಕೇನು. ಅದಕ್ಕೆ ಆಗಲೇ ನಾಲ್ಕು ಜನ ಚಪ್ಪಾಳೆ ತಟ್ಟಿದ್ದಾರೆ. ಹೋಗುತ್ತೇನೆ ಸ್ವಾಮಿ, ದಾರಿ ನೋಡಿಕೊಂಡೇ ಹೋಗುತ್ತೇನೆ, ಅಳಿಸಿಬಿಡುತ್ತೇನೆ, ಅವಳು ನೋಡುವ ಮೊದಲು ಅಳಿಸಿಬಿಟ್ಟರೆ ಏನೂ ಆಗಿಲ್ಲ ಅಂತ ಇದ್ದುಬಿಡಬಹುದು, ಅಳಿಸುವುದು ಎಲ್ಲಿ, ಮೂರು ಚುಕ್ಕೆ ಒತ್ತಬೇಕು, ಬೆರಳಿಗೆ ಪ್ಲಾಸ್ಟರು ಮೆತ್ತಿಕೊಂಡು ಪರದೆ ಕೇಳುತ್ತಿಲ್ಲ, ಅಂಗಿಗೆ ಒರೆಸಿಕೊಂಡೆ, ಒತ್ತಿದೆ, ಅಳಿಸು ಅನ್ನುವುದನ್ನು ಒತ್ತುವಷ್ಟರಲ್ಲಿ ಕಾಫಿಪುಡಿಯ ಮಾತಿನ ಕೆಳಗೆ ಇನ್ನೊಂದು ಸಾಲು ಬಂದು ಕೂತಿತು. ಒಂಟಿ ಚಪ್ಪಲಿ. ಅವಳು. ಅವರನ್ನ ಏನೂ ಅನ್ಬೇಡಿ, ಅವರು ನಮ್ಮನೆಯವರು.

ನಮ್ಮನೆಯವರು. ಅಂದರೆ ಗೊತ್ತಿತ್ತು. ಯಾವಾಗಿನಿಂದ, ಎಸ್ಕಲೇಟರಿನಿಂದಲೋ, ಅದಕ್ಕೂ ಮೊದಲೋ, ತಂಗಿಯ ಕೈಯಲ್ಲಿ ಕಳಿಸಿದ್ದೇ ಇವಳೋ, ಪ್ರತಿದಿನವೂ ನನಗೆ ಅಂತಲೇ — ಚಿಕ್ಕಂದಿನಿಂದಲೂ ಅಂತ ಬೇಕೆಂದೇ ಬರೆದಳೋ, ನೋಡೋಣ ಈ ಕಂಬ ಈಗಲಾದರೂ ಬಾಯಿ ಬಿಡುತ್ತದೋ ಇಲ್ಲವೋ ಅಂತ — ನಮ್ಮನೆಯವರು ಅಂತ ಲೋಕದ ಎದುರಿಗೆ, ಆಗಿದ್ದರು ಅಂತಲ್ಲ, ಒಂದು ಕಾಲದಲ್ಲಿ ಅಂತಲೂ ಅಲ್ಲ. ಅವಳು ಏನೇ ಬರೆದರೂ ಬಾಯಲ್ಲಿ ಅಂದುಕೊಂಡೇ ಬರೆಯುವವಳು, ಇದನ್ನೂ ಅಂದಿರುತ್ತಾಳೆ, ತಂಗಿಯ ಮನೆಯ ಯಾವುದೋ ಕುರ್ಚಿಯಲ್ಲಿ ಕೂತು, ಮೆಲ್ಲಗೆ, ಮ್ಮ ಅನ್ನುವಾಗ ತುಟಿಗಳೆರಡೂ ಕೂಡಿರುತ್ತವೆ, ನೆ ಅನ್ನುವಾಗ ಬಿಟ್ಟಿರುತ್ತವೆ, ವ ಅನ್ನುವಾಗ — ವ ಅನ್ನುವಾಗ ಹಲ್ಲು ಬಂದು ತಾಗಲೇಬೇಕು, ಮೇಲಿನ ಹಲ್ಲು ಕೆಳತುಟಿಗೆ, ತಾಗಿ ಅಲ್ಲೇ ನಿಂತಿದೆ, ನಗುವೋ ಅಳುವೋ, ಮೇಲಿನ ಹಲ್ಲು, ಕೆಳತುಟಿಯ ಮೇಲೆ