ಒಲೆ ಪಕ್ಕದ ಕೋಳಿ ರಸ

ಬಾಣಂತಿ ಮನೆಯಲ್ಲಿ ತಣ್ಣನೆಯ ಮಾತಾಡಿದರೂ ಶೀತವಾಗುತ್ತದೆ ಅನ್ನೋ ಕಾಲ ಇನ್ನೂ ಮುಗಿದಿಲ್ಲ. ಅಂಜನಾಪುರದ ಗುಡ್ಡಮ್ಮನ ಮನೆಯಲ್ಲಂತೂ ಮಗಳು ಮಮತಾ ಹೆರಿಗೆಗೆ ಬಂದ ದಿನದಿಂದ ಫ್ರಿಜ್ಜಿನ ಮುಖ ನೋಡೋದೂ ಅಪರಾಧ. ಕೂಸಿಗೀಗ ಹದಿನೆಂಟು ದಿನ. ಅಳಿಯ ತಿಪ್ಪೇಶ ಉಳವಿಯಿಂದ ಬರುವಾಗ ಸೀಲು ಹಾಕಿದ ಕೋಳಿ ರಸದ ಎರಡು ಡಬ್ಬ ತಂದಿದ್ದ. ಬೆಳಿಗ್ಗೆ ಎಂಟಕ್ಕೆ ಗುಡ್ಡಮ್ಮ ಒಂದರ ಬಾಯಿ ಕತ್ತರಿಸಿ, ಅರ್ಧದಷ್ಟು ರಸ ಕಾಯಿಸಿ ಮಮತಾಗೆ ಕುಡಿಸಿದಳು. ಉಳಿದರ್ಧ ಚೊಂಬಿಗೆ ಸುರಿದು, ಒಲೆ ಪಕ್ಕ ಬೂದಿ ಬೆಚ್ಚಗಿರೋ ಕಡೆ ಇಟ್ಟಳು. ಡಬ್ಬದ ಮೇಲೆ ಮುಂದಿನ ವರ್ಷದ ತಾರೀಖಿತ್ತು, ಇನ್ನೇನು ಭಯ?

ಹನ್ನೆರಡಕ್ಕೆ ಆಶಾ ಕಾರ್ಯಕರ್ತೆ ಗಂಗಾಶ್ರೀ ಕೂಸಿನ ತೂಕ ನೋಡಲು ಬಂದಾಗ ಚೊಂಬು ಮಮತಾಳ ಬಾಯಿಂದ ಗೇಣು ದೂರದಲ್ಲಿತ್ತು. ಗಂಗಾಶ್ರೀ ಕೈ ಅಡ್ಡ ಹಿಡಿದಳು. ಆ ತಾರೀಖು ಡಬ್ಬ ಬಾಯಿ ಮುಚ್ಚಿಕೊಂಡಿರೋ ತನಕ ಮಾತ್ರ, ಬಾಯಿ ಬಿಟ್ಟ ಮೇಲೆ ಅದರ ಮಾತು ನಡೆಯಲ್ಲ ಅಂದಳು.

ಗುಡ್ಡಮ್ಮ ಸೊಂಟಕ್ಕೆ ಕೈಕೊಟ್ಟು ಗಂಗಾಶ್ರೀಯ ದನಿಯನ್ನೇ ಅಣಕಿಸಿದಳು. "'ಅದು ಮುಟ್ಟಬ್ಯಾಡ್ರಿ, ಕೈ ತೊಳಕೊಳ್ರಿ!' ಮೂಸಿ ನೋಡು ತಾಯಿ, ಘಮ್ ಅಂತತಿ. ಕೆಟ್ಟಿದ್ದು ಹಿಂಗಿರ್ತತೇನು?"

ಮಮತಾ ನಕ್ಕಳು, ಗಂಗಾಶ್ರೀಯೂ ನಕ್ಕಳು. ನಕ್ಕು ಬೇರೇನೋ ಕೇಳಿದಳು.

"ಅವ್ವಾ, ಹಾಲಿಗೆ ಹೆಪ್ಪು ಹಾಕಿ ಎಲ್ಲಿಡ್ತೀರಿ?"

"ಇಲ್ಲೇ, ಒಲೆ ಬದಿ."

"ಫ್ರಿಜ್ಜಿನಾಗೆ ಯಾಕಿಡಲ್ಲ?"

"ತಂಡಿಗೆ ಹೆಪ್ಪು ಹಿಡಿಯಲ್ಲ ಕಣವ್ವ. ಬೆಚ್ಚಗಿದ್ರೇ ಅದು..." ಗುಡ್ಡಮ್ಮನ ಕಣ್ಣು ಚೊಂಬಿನ ಕಡೆ ಹೊರಳಿತು.

ಗಂಗಾಶ್ರೀ ಮೆಲ್ಲಗೆ ಬಿಡಿಸಿ ಹೇಳಿದಳು. ಹೆಪ್ಪು ಜೀವಂತ. ಮೊಸರಿನ ಸೂಕ್ಷ್ಮಜೀವಿಗಳು ನಮ್ಮ ಕಡೆಯವರು. ಗಾಳಿಯಿಂದ, ಸೌಟಿನಿಂದ, ಕೈಯಿಂದ ರಸಕ್ಕೆ ಬೀಳುವವರು ಹಾಗಲ್ಲ. ಹಿತವಾದ ಬಿಸುಪು ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. ನಾಲ್ಕು ತಾಸಿಗೆ ಒಂದು ನಾಲ್ಕು ಸಾವಿರ. ವಾಸನೆಯಿಲ್ಲ, ಬಣ್ಣವಿಲ್ಲ. ಬಾಣಂತಿಗೆ ವಾಂತಿ-ಭೇದಿ ಹತ್ತಿ ಮೈಯ ನೀರಿಳಿದರೆ ಕೂಸಿನ ಹಾಲಿಗೂ ಕುತ್ತು. ಅವು ಬಿಟ್ಟ ಕೆಲವು ವಿಷ ಮತ್ತೆ ಕುದಿಸಿದರೂ ಹೋಗಲ್ಲ.

ಗುಡ್ಡಮ್ಮ ನೆಲಕ್ಕೆ ಕೂತಳು. "ಆರು ಕುರಿ ಅರವತ್ತಾಗಕ್ಕೆ ನಮಗೆ ಹತ್ತು ವರ್ಷ ಹಿಡೀತು. ಈ ಚೊಂಬಿನಾಗೆ, ನಾನೊಂದು ಹೊತ್ತಿನ ಅಡಿಗೆ ಮಾಡಷ್ಟರಾಗೆ..."

ಐವತ್ತು ವರ್ಷದಿಂದ ದಿನಾ ಒಂದು ಚಮಚ ಹೆಪ್ಪಿನಲ್ಲಿ ಒಂದು ಲೋಕವನ್ನೇ ಗಡಿಗೆಯಿಂದ ಗಡಿಗೆಗೆ ಅಟ್ಟಿಕೊಂಡು ಬಂದಿದ್ದಳು. ತಾನು ಅದರ ಕಾವಲುಗಾರ್ತಿ ಅಂತ ಇವತ್ತೇ ತಿಳಿದದ್ದು. ಮೊಸರಿನ ಗಡಿಗೆಗೆ ಕೈಮುಗಿದಳು. ಚೊಂಬಿನ ರಸವನ್ನು ಬಚ್ಚಲಿಗೆ ಚೆಲ್ಲಿದಳು.

ಆದರೂ ತಂಡಿಯ ಅಳುಕು ಹೋಗಿರಲಿಲ್ಲ. "ಫ್ರಿಜ್ಜು ಇಡೋಕೆ ಅವ್ವಾ, ಕುಡಿಯೋದು ಕುದಿಸೇ," ಅಂದಳು ಗಂಗಾಶ್ರೀ. ಗುಡ್ಡಮ್ಮ ಎರಡನೇ ಡಬ್ಬ ಒಡೆದಳು, ಬೇಕಾದ ಒಂದು ಲೋಟ ಮಾತ್ರ ಕುದಿಯಲಿಟ್ಟಳು. ಉಳಿದದ್ದು ತೊಳೆದ ಸ್ಟೀಲ್ ಡಬ್ಬಿಗೆ ಹೋಗಿ, ಬಿಗಿ ಮುಚ್ಚಳ ಹಾಕಿಕೊಂಡು ಫ್ರಿಜ್ಜು ಸೇರಿತು. ಮಮತಾ ಬಿಸಿ ಬಿಸಿ ಊದಿ ಕುಡಿದಳು.

ಅಕ್ಕಂದಿರೇ, ಡಬ್ಬದ್ದಾಗಲಿ ಮನೆಯದ್ದಾಗಲಿ, ಕೋಳಿ ರಸ ಎರಡು ತಾಸಿಗಿಂತ ಹೆಚ್ಚು ಹೊರಗಿರಬಾರದು. ಫ್ರಿಜ್ಜಿನಲ್ಲಿಟ್ಟಿದ್ದನ್ನೂ ಮೂರು-ನಾಲ್ಕು ದಿನದೊಳಗೆ ಮುಗಿಸಿ, ಕುಡಿಯುವಷ್ಟನ್ನೇ ಚೆನ್ನಾಗಿ ಕುದಿಸಿ. ಫ್ರಿಜ್ಜಿಲ್ಲದಿದ್ದರೆ ಒಂದು ಹೊತ್ತಿಗಾಗುವಷ್ಟೇ ಮಾಡಿ. ನಿಮ್ಮ ಒಲೆ ಪಕ್ಕ ಈಗ ಏನಿದೆ? ಓದೋದು ನಿಲ್ಲಿಸಿ, ಎದ್ದು ಹೋಗಿ ನೋಡಿ.