ಗೊರಕೆಯನ್ನು ಬರೆದ ಕೈ

ಟಕ್ ಟಕ್ ಟಕ್, ಮೂರು, ಆಮೇಲೆ ಮೌನ, ಆಮೇಲೆ ಇನ್ನೆರಡು, ಬೆರಳಿನ ಗೆಣ್ಣಿನಿಂದ ಬಡಿಯುತ್ತಿದ್ದಾರೆ, ಅಂಗೈಯಿಂದ ಅಲ್ಲ, ಅಂಗೈಯಾದರೆ ಕೋಪ, ಗೆಣ್ಣಾದರೆ ಸಂಕೋಚ, ಆದರೆ ಕೋಪ ಬಂದವನೂ ಮೊದಲು ಸಂಕೋಚದಿಂದಲೇ ಬಡಿಯುತ್ತಾನೆ, ಹನ್ನೊಂದು ವರ್ಷದ ಹಿಂದೆ ಆ ಬೇಕರಿಯವನು ಹೀಗೆಯೇ ಮೆತ್ತಗೆ ಬಡಿದಿದ್ದ, ಬಾಗಿಲು ತೆರೆದ ಮೇಲಲ್ಲವೇ ಅವನ ಕೈಯಲ್ಲಿದ್ದ ಇಟ್ಟಿಗೆ ಕಂಡದ್ದು, ನಾನು ನಿದ್ದೆ ಮಾತ್ರೆ ಬಿಡಿಸಿ ಒಂಬತ್ತು ದಿನವಾಗಿತ್ತು ಅವನಿಗೆ, ನನ್ನ ನಿದ್ದೆ ವಾಪಸ್ ಕೊಡಿ ಎಂದು ಮಗುವಿನಂತೆ ಅತ್ತು ಇಟ್ಟಿಗೆಯನ್ನು ಷೂ ಗೂಡಿನ ಮೇಲಿಟ್ಟು ಹೋಗಿದ್ದ, ಎಸೆದಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ, ಅಂದಿನಿಂದ ಬಾಗಿಲಿಗೆ ಸರಪಳಿ ಹಾಕಿಸಿದೆ, ಇಂದು ರಾತ್ರಿ ಸರಪಳಿ ಹಾಕಿದೆನೇ, ಹಾಕಿದೆ, ಹಾಕಿದ್ದೇನೆ ಅನ್ನಿಸುತ್ತದೆ — ಟಕ್ ಟಕ್ — ಗಂಟೆ ಎಷ್ಟಿರಬಹುದು, ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟವಳು ನಾನೇ, ಎಚ್ಚರವಾದಾಗ ಗಡಿಯಾರ ನೋಡಬೇಡಿ, ನೋಡಿದರೆ ಲೆಕ್ಕ ಶುರುವಾಗುತ್ತದೆ, ಲೆಕ್ಕ ಶುರುವಾದರೆ ನಿದ್ದೆ ಓಡುತ್ತದೆ ಎಂದು ಇಪ್ಪತ್ತೆರಡು ವರ್ಷಗಳಿಂದ ಊರಿಗೆಲ್ಲ ಹೇಳಿಕೊಂಡು ಬಂದವಳು, ಫೋನು ಮಲಗುವ ಕೋಣೆಯಲ್ಲಿರಬಾರದು ಎಂದವಳೂ ನಾನೇ, ಹಾಗಾಗಿ ಫೋನು ನಡುಮನೆಯಲ್ಲಿದೆ, ಆ ಬಾಗಿಲಿಗೆ ಎರಡು ಅಡಿ ದೂರದ ಮೇಜಿನ ಮೇಲೆ.

ಇವರನ್ನು ಎಬ್ಬಿಸಲೇ, ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ ನನ್ನ ಯಜಮಾನರು, ತಲೆದಿಂಬು ಮುಟ್ಟಿದ ಮೂರನೇ ನಿಮಿಷಕ್ಕೆ ಮುಗಿಯಿತು ಕತೆ, ನಿನ್ನ ಓದೆಲ್ಲ ನನ್ನ ಮುಂದೆ ದಂಡ ಕಣೇ, ನನಗೆ ಹುಟ್ಟುತ್ತಲೇ ಡಿಗ್ರಿ ಬಂದಿದೆ ಎಂದು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಾರೆ, ಅಮ್ಮ ಇದ್ದಾಗ ಅವಳದೂ ಅದೇ ರಾಗ, ನಿದ್ದೆಗೂ ಒಂದು ಓದಾ ಮಗಳೇ, ದಿನವೆಲ್ಲ ದುಡಿದ್ರೆ ತಾನಾಗೇ ಬರುತ್ತೆ — ಬರುವುದಿಲ್ಲ ಅಮ್ಮಾ, ದುಡಿದವರಿಗೇ ಬರುವುದಿಲ್ಲ, ಆಸ್ಪತ್ರೆಯ ನೆಲಮಾಳಿಗೆಯ ನನ್ನ ಕೋಣೆಗೆ ಬರುವವರೆಲ್ಲ ದುಡಿದು ಹಣ್ಣಾದವರೇ, ನರ್ಸುಗಳು, ಟೈಲರು, ಬ್ಯಾಂಕಿನವರು, ಕಣ್ಣ ಕೆಳಗೆ ಮಸಿ ಬಳಿದುಕೊಂಡಂತೆ ಬಂದು ಕೂರುತ್ತಾರೆ, ನಾನು ಮಾತ್ರೆ ಬರೆಯುವ ಡಾಕ್ಟರಲ್ಲ, ಮನಶ್ಶಾಸ್ತ್ರದವಳು, ಅವರ ಅಭ್ಯಾಸಗಳನ್ನು ಬಿಡಿಸಿ ಕಟ್ಟುವವಳು, ಹಾಸಿಗೆಯಲ್ಲಿ ಹೊರಳಾಡುವ ಹೊತ್ತನ್ನು ಕತ್ತರಿಸುತ್ತೇನೆ, ಒಂಬತ್ತು ಗಂಟೆ ಮಲಗಿ ಐದು ಗಂಟೆ ನಿದ್ದೆ ಮಾಡುವವನಿಗೆ ಐದೂವರೆ ಗಂಟೆಯಷ್ಟೇ ಹಾಸಿಗೆ ಎನ್ನುತ್ತೇನೆ, ಮೊದಲೆರಡು ವಾರ ನನ್ನ ವಂಶವನ್ನೆಲ್ಲ ಶಪಿಸುತ್ತಾರೆ, ಮೂರನೆಯ ವಾರ ಕೈ ಮುಗಿಯುತ್ತಾರೆ, ಆಸ್ಪತ್ರೆಯಲ್ಲಿ ನನಗೆ ಜೋಗುಳ ಮೇಡಂ ಎಂದು ಹೆಸರು, ಬೆನ್ನ ಹಿಂದೆ, ನನಗೆ ಗೊತ್ತಿಲ್ಲವೆಂದುಕೊಂಡಿದ್ದಾರೆ.

ಟಕ್. ಒಂದೇ. ಇದು ಇನ್ನೂ ಕೆಟ್ಟದ್ದು, ಒಂದೇ ಸಲ ಬಡಿಯುವವರು ಕಿವಿಯನ್ನು ಬಾಗಿಲಿಗೆ ಒತ್ತಿ ಕಾಯುತ್ತಿರುತ್ತಾರೆ — ಬಸ್ಸಿನವನೇ ಇರಬೇಕು, ಹೌದು, ಅವನೇ, ನಿನ್ನೆ ಸಂಜೆ ಪತ್ರ ತೆಗೆದುಕೊಳ್ಳುವಾಗ ಹೇಳಿದನಲ್ಲ, ನಿಮ್ಮನೆ ಎಲ್ಲಿದೆ ಅಂತ ನಂಗೊತ್ತು ಮೇಡಂ, ಔಷಧಿ ಅಂಗಡಿ ಮೇಲೆ ಎರಡನೇ ಮಹಡಿ, ನಮ್ಮ ಬಸ್ಸಿನ ಮೂರನೇ ಸ್ಟಾಪು ನಿಮ್ಮ ಬಾಗಿಲ ಎದುರಿಗೇ, ಹೇಳಿ ನಕ್ಕ, ನಗುವಾಗಲೂ ಕಣ್ಣು ನಗಲಿಲ್ಲ, ಕಣ್ಣು ಮುಚ್ಚಿಕೊಳ್ಳಲು ಹವಣಿಸುತ್ತಿತ್ತು, ಅದು ಬೆದರಿಕೆಯೋ ಸಲುಗೆಯೋ ಎಂದು ಊಟ ಮಾಡುವಾಗಲೂ ಯೋಚಿಸಿದೆ, ಆದರೆ ಅವನಿಗೇಕೆ ಸಿಟ್ಟು, ಅವನು ಕೇಳಿದ್ದನ್ನೇ ಕೊಟ್ಟೆನಲ್ಲ, ಶಾಲೆಯ ಬಸ್ಸು ಓಡಿಸುವವನು, ನಿಲ್ಲಿಸಿದ ಬಸ್ಸಿನ ಚುಕ್ಕಾಣಿಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿ ಹಾರ್ನು ಎರಡು ನಿಮಿಷ ಒಂದೇ ಸಮ ಕೂಗಿತಂತೆ, ಹೆಡ್‌ಮೇಡಂ ರಜೆ ಹಾಕಿಸಿ ನಮ್ಮಲ್ಲಿಗೆ ಕಳಿಸಿದ್ದರು, ನಿದ್ದೆ ಸರಿಯಾಗಿದೆ ಎಂದು ಬರೆಸಿಕೊಂಡು ಬಾ, ಆಮೇಲೆ ಕೀಲಿ ಕೈಗೆ, ಆರು ವಾರ ಬಂದ, ಒಂದು ದಿನ ತಪ್ಪಿಸಲಿಲ್ಲ, ವಾರವಾರ ಡೈರಿಯ ಹಾಳೆ ತಂದ, ಎಂಥ ಚೊಕ್ಕ ಡೈರಿ ಅದು, ದುಂಡನೆಯ ನೀಲಿ ಅಕ್ಷರ, ಮಲಗಿದ್ದು ಎಷ್ಟಕ್ಕೆ, ಎಚ್ಚರವಾದದ್ದು ಎಷ್ಟು ಸಲ, ಎದ್ದದ್ದು ಎಷ್ಟಕ್ಕೆ, ಒಂದು ಮನೆಯೂ ಖಾಲಿ ಬಿಡದೆ, ಮೊದಲ ವಾರ ರಾತ್ರಿಗೆ ಏಳೆಂಟು ಸಲ ಎಚ್ಚರ, ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನೂರಕ್ಕೆ ಅರವತ್ತೊಂದು ಪಾಲು ಮಾತ್ರ ನಿದ್ದೆ, ಆರನೆಯ ವಾರಕ್ಕೆ ತೊಂಬತ್ತೆರಡು, ಅರವತ್ತೊಂದರಿಂದ ತೊಂಬತ್ತೆರಡು, ಮುಂದಿನ ತಿಂಗಳ ಸಮ್ಮೇಳನದಲ್ಲಿ ತೋರಿಸಲೆಂದು ಆ ಗೆರೆಯನ್ನು ಹಸಿರು ಬಣ್ಣದಲ್ಲಿ ಎಳೆದಿಟ್ಟಿದ್ದೇನೆ, ಬೆಟ್ಟ ಹತ್ತಿದಂತೆ ಏರುತ್ತದೆ ಗೆರೆ, ಅದನ್ನು ನೋಡಿಯೇ ಅಲ್ಲವೇ ನಾನು ಸಹಿ ಹಾಕಿದ್ದು, ವಾಹನ ಚಲಾಯಿಸಲು ಅಡ್ಡಿಯಿಲ್ಲ, ಇಂದಿನಿಂದ, ಇಂದು ಬೆಳಿಗ್ಗೆಯಿಂದ, ಮೂವತ್ತನಾಲ್ಕು ಮಕ್ಕಳು.

ಪತ್ರ ಕೊಡಲು ಹೊರಗೆ ಬಂದಾಗ ಅವನು ಬೆಂಚಿನ ಮೇಲೆ ನಿದ್ದೆ ಹೋಗಿದ್ದ. ಗದ್ದ ಎದೆಗೆ ಬಿದ್ದಿತ್ತು. ಉಸಿರು ನಿಂತಿತ್ತು, ನಾನು ನೋಡಿದೆ, ನೋಡಿದೆನಲ್ಲ, ಅಂಗಿಯ ಗುಂಡಿ ಮೇಲೂ ಹೋಗಲಿಲ್ಲ ಕೆಳಗೂ ಬರಲಿಲ್ಲ, ಒಂದು, ಎರಡು, ಐದು, ಎಂಟು ಎಣಿಸುವಷ್ಟು ಹೊತ್ತು, ಆಮೇಲೆ ನೀರಿನಿಂದ ಮೇಲೆದ್ದವನಂತೆ ಸೊರ್ರೆಂದು ಎಳೆದುಕೊಂಡ, ಪಕ್ಕದಲ್ಲಿದ್ದ ಹೆಂಡತಿ ಮೊಣಕೈಯಿಂದ ತಿವಿದು ಏಳ್ರೀ, ಮೇಡಂ ಬಂದ್ರು ಎಂದಳು, ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿರಬೇಕು ಎಂದುಕೊಂಡೆ, ಸೆಕೆ ಎಂದುಕೊಂಡೆ, ಕೈಯಲ್ಲಿ ಪತ್ರವಿತ್ತು, ಪತ್ರದಲ್ಲಿ ತೊಂಬತ್ತೆರಡಿತ್ತು, ಕಣ್ಣಿಗಿಂತ ಕಾಗದವನ್ನು ನಂಬಿದೆ — ಟಕ್ ಟಕ್ ಟಕ್ — ತೊಂಬತ್ತೆರಡು ಪಾಲು ನಿದ್ದೆ ಮಾಡಿದವನು ಸಂಜೆ ಐದು ಗಂಟೆಗೆ ಕೂತಲ್ಲೇ ಏಕೆ ಬೀಳುತ್ತಾನೆ, ಆ ಗದ್ದ, ಎದೆಗೆ ಬಿದ್ದ ಆ ಗದ್ದ, ಮೊದಲ ದಿನವೇ ಕೇಳಿದ್ದೆ, ಗೊರಕೆ ಹೊಡೆಯುತ್ತೀರಾ, ನಂಗೆ ಹೇಗೆ ಗೊತ್ತಾಗ್ಬೇಕು ಮೇಡಂ, ನಾನು ನಿದ್ದೇಲಿ ಇರ್ತೀನಲ್ಲ ಎಂದ, ಇಬ್ಬರೂ ನಕ್ಕೆವು, ನಗುತ್ತಲೇ ಇಲ್ಲ ಎಂಬ ಮನೆಗೆ ಗುರುತು ಹಾಕಿದೆ, ಆದರೆ ಮೊದಲ ವಾರದ ಡೈರಿಯ ಕೊನೆಯ ಅಂಕಣದಲ್ಲಿ, ಬೇರೇನಾದರೂ ಇದ್ದರೆ ಬರೆಯಿರಿ ಎಂದು ನಾನು ಬಿಟ್ಟ ಅಂಕಣದಲ್ಲಿ, ಅದೇ ದುಂಡನೆಯ ನೀಲಿ ಅಕ್ಷರ, ಎರಡು ಗಂಟೆ ಹತ್ತು ನಿಮಿಷ, ಜೋರು ಗೊರಕೆ, ಎರಡೂ ಕಾಲು, ಗೊರಕೆ ನಿಂತಿತು, ಭಯವಾಯಿತು.

ಭಯವಾಯಿತು. ಹತ್ತು ಸಲವಾದರೂ ಓದಿದ್ದೇನೆ ಆ ಸಾಲನ್ನು, ಭಯದ ಕೆಳಗೆ ಕೆಂಪು ಗೆರೆ ಎಳೆದು ಆತಂಕ ಎಂದು ಬರೆದುಕೊಂಡಿದ್ದೇನೆ, ನನ್ನ ಬುದ್ಧಿಗಿಷ್ಟು, ತನ್ನ ಗೊರಕೆ ನಿಂತದ್ದನ್ನು ನಿಮಿಷದ ಲೆಕ್ಕದಲ್ಲಿ ಕೇಳಿಸಿಕೊಂಡು ಬರೆಯುವ ಮನುಷ್ಯ ಯಾವ ಲೋಕದಲ್ಲಿದ್ದಾನೆ, ಬರೆದವನು ಅವನಲ್ಲ, ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದ ಇನ್ನೊಂದು ಜೀವ ಬರೆದದ್ದು, ಬೆಂಚಿನ ಮೇಲೆ ಆರು ವಾರ ಬಟ್ಟೆಯ ಚೀಲ ತೊಡೆಯ ಮೇಲಿಟ್ಟು ಕೂತಿದ್ದವಳು, ನಾನು ಒಮ್ಮೆಯೂ ಒಳಗೆ ಕರೆಯದವಳು, ಆ ಏಳೆಂಟು ಎಚ್ಚರಗಳು ಅವಳವು, ಅರವತ್ತೊಂದು ಅವಳದು, ಗಂಡನ ಹಾಸಿಗೆಯ ಹೊತ್ತನ್ನು ನಾನು ಕತ್ತರಿಸಿದಾಗ ಅವಳೂ ಅವನ ಜೊತೆಯೇ ತಡವಾಗಿ ಮಲಗಿರುತ್ತಾಳೆ, ಜೊತೆಯೇ ಎದ್ದಿರುತ್ತಾಳೆ, ಹಾಗಾದರೆ ತೊಂಬತ್ತೆರಡೂ ಅವಳದೇ, ದೇವರೇ, ನನ್ನ ಚಿಕಿತ್ಸೆ ಚೆನ್ನಾಗಿ ಹತ್ತಿದೆ, ಅವಳಿಗೆ, ಗೊರಕೆಯ ಮಾತು ಎರಡನೆಯ ವಾರದ ನಂತರ ಡೈರಿಯಲ್ಲಿ ಇಲ್ಲ, ಗೊರಕೆ ನಿಂತದ್ದಲ್ಲ, ಕೇಳುವವಳಿಗೆ ನಿದ್ದೆ ಬಂದದ್ದು, ಅವನಿಗೆ ಬೇಕಾಗಿದ್ದದ್ದು ಒಂದು ರಾತ್ರಿಯ ಉಸಿರಿನ ಪರೀಕ್ಷೆ, ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಯಂತ್ರವಿದೆ, ಒಂದು ಚೀಟಿ ಬರೆದಿದ್ದರೆ ಸಾಕಿತ್ತು, ಗಂಟಲು ಕಟ್ಟಿ ರಾತ್ರಿಯೆಲ್ಲ ಉಸಿರಿಗೆ ಒದ್ದಾಡುವವನ ಅಲ್ಪಸ್ವಲ್ಪ ನಿದ್ದೆಯನ್ನೂ ಕಿತ್ತುಕೊಂಡೆ, ಆರು ವಾರ, ಸಹಿ ಹಾಕಿ, ಸೀಲು ಒತ್ತಿ, ಈಗ ಬಸ್ಸು ಹತ್ತಿಸುತ್ತಿದ್ದೇನೆ, ರೈಲು ಗೇಟಿನ ಪಕ್ಕದ ಇಳಿಜಾರು, ಕೆರೆಯ ಏರಿಯ ತಿರುವು, ಚುಕ್ಕಾಣಿಯ ಹಿಂದೆ ಗದ್ದ ಎದೆಗೆ, ಗಂಟೆ ಎಷ್ಟು, ಯಾರಾದರೂ ಗಂಟೆ ಎಷ್ಟೆಂದು ಹೇಳಿ.

ಗಡಿಯಾರವನ್ನು ತಿರುಗಿಸಿದೆ, ನಾಲ್ಕು ನಲವತ್ತೇಳು, ಆರಕ್ಕೆ ಬಸ್ಸು ಹೊರಡುತ್ತದೆ, ಏನೇ ಅದು ಎಂದರು ಇವರು ಗೋಡೆಗೆ ಹೇಳಿದಂತೆ, ಯಾರೋ ಬಾಗಿಲು ಬಡೀತಿದಾರೆ ರೀ, ಬೆಳಿಗ್ಗೆ ಬಡೀಲಿ, ಮಲ್ಕೋ, ಮುಗಿಯಿತು, ಮತ್ತೆ ನಿದ್ದೆ, ಕಾಲು ನೆಲಕ್ಕಿಟ್ಟರೆ ನೆಲ ತಣ್ಣಗಿದೆ, ನಡುಮನೆಯ ಕತ್ತಲಲ್ಲಿ ಬಾಗಿಲಿನ ಕೆಳಗಿನ ಸಂದಿಯಲ್ಲಿ ಮೆಟ್ಟಿಲಿನ ದೀಪದ ಗೆರೆ, ಗೆರೆಯ ನಡುವೆ ಎರಡು ನೆರಳು, ಎರಡು ಪಾದ, ಮೇಜು ಆ ಪಾದಗಳಿಗೆ ಎರಡಡಿ, ಫೋನು ಎತ್ತುವಾಗ ನನ್ನ ಬಳೆ ಮೇಜಿನ ಗಾಜಿಗೆ ತಾಗಿ ಸದ್ದಾಯಿತು, ಹೊರಗಿನ ನೆರಳು ಅಲುಗಿತು, ಅವನ ನಂಬರು, ಡೈರಿಯ ಮೇಲೆ ಬರೆದಿದ್ದ ನಂಬರು ಫೋನಿನಲ್ಲಿದೆ, ಒತ್ತಿದೆ, ಎದ್ದಿರಪ್ಪಾ, ಬಸ್ಸು ಮುಟ್ಟಬೇಡ ಎನ್ನುವಷ್ಟು ಹೊತ್ತು ಎದ್ದಿರು — ಕಿವಿಯೊಳಗೆ ಒಂದು ರಿಂಗು, ಬಾಗಿಲ ಹೊರಗೆ ಇನ್ನೊಂದು ರಿಂಗು. ಅವನ ಫೋನು ನನ್ನ ಬಾಗಿಲ ಹೊರಗೆ ಹಾಡುತ್ತಿದೆ, ಎರಡು ಪಾದ ಅವನವು, ತೆರೆಯಬೇಡ, ಇಟ್ಟಿಗೆ ನೆನಪಿಲ್ಲವೇ, ಪೊಲೀಸರಿಗೆ, ಇವರಿಗೆ, ಯಾರಿಗಾದರೂ, ಆದರೆ ಅವನು ಇಲ್ಲಿದ್ದರೆ ಬಸ್ಸಿನಲ್ಲಿಲ್ಲ, ಇಲ್ಲೇ ಇರಲಿ, ಬೈಯಲಿ, ಹೊಡೆಯಲಿ, ಆರು ಗಂಟೆ ದಾಟುವವರೆಗೆ ಇಲ್ಲೇ ಇರಲಿ, ನಾನು ಸರಪಳಿಯನ್ನು ಮುಟ್ಟಿ ನೋಡಿದೆ, ಹಾಕಿದ್ದೆ, ನಾಲ್ಕು ಬೆರಳಗಲ ಬಾಗಿಲು ತೆರೆದೆ.

ಹೆಂಗಸು. ಬೆಂಚಿನ ಹೆಂಗಸು, ತಲೆಯ ಮೇಲೆ ಶಾಲು, ಒಂದು ಕೈಯಲ್ಲಿ ಬೆಳಗುತ್ತಿರುವ ಫೋನು, ಡೈರಿಯ ಮೇಲಿದ್ದ ನಂಬರೂ ಇವಳದೇ, ಇನ್ನೊಂದು ಮುಷ್ಟಿ ಎದೆಗೆ ಒತ್ತಿ ಹಿಡಿದಿದ್ದಾಳೆ, ತಪ್ಪು ತಿಳ್ಕೋಬೇಡಿ ಮೇಡಂ, ಹೊತ್ತಲ್ಲದ ಹೊತ್ತಲ್ಲಿ ಬಂದೆ, ಆಸ್ಪತ್ರೆ ಫೋನು ಯಾರೂ ಎತ್ತಲಿಲ್ಲ, ಇವರನ್ನ ಇವತ್ತು ಬಸ್ಸು ಹತ್ತಿಸ್ಬೇಡಿ, ನಿನ್ನೆ ರಾತ್ರಿ ಊಟ ಬಾಯಲ್ಲಿರುವಾಗ್ಲೇ ನಿದ್ದೆ ಹೋದ್ರು, ಉಸಿರು ನಿಂತ್ಕೊಳ್ತು, ಇಪ್ಪತ್ತರ ತನಕ ಎಣಿಸ್ದೆ, ರಾತ್ರಿಯೆಲ್ಲ ಎಣಿಸ್ತಾ ಕೂತಿದ್ದೆ, ಹೇಳಿದ್ರೆ ಜೋಗುಳ ಮೇಡಂ ಬರೆದುಕೊಟ್ಟಿದಾರೆ, ನಿಂದೇನು ಅಂತಾರೆ — ಮುಷ್ಟಿ ಬಿಚ್ಚಿದಳು, ಬಸ್ಸಿನ ಕೀಲಿ, ಬೆವರಿಗೆ ಅಂಗೈಗೆ ಅಂಟಿಕೊಂಡಿತ್ತು, ಎದ್ದು ಹುಡುಕ್ತಾ ಇರ್ತಾರೆ, ಮದುವೆಯಾಗಿ ಹದಿನಾರು ವರ್ಷಕ್ಕೆ ಮೊದಲ್ನೇ ಸಲ ಕದ್ದಿದೀನಿ ಮೇಡಂ ಎಂದು ಅಳುತ್ತಲೇ ನಕ್ಕಳು, ನಾನು ಸರಪಳಿ ತೆಗೆದೆನೋ, ತೆಗೆದೆ, ಕೀಲಿ ನನ್ನ ಕೈಗೆ ಬಂತು, ಬೆಚ್ಚಗಿತ್ತು, ಮಕ್ಕಳು ಉಳಿದರು, ಹೆಡ್‌ಮೇಡಮ್ಮಿಗೆ ನಾನೇ ಫೋನು ಮಾಡ್ತೀನಮ್ಮಾ, ಪತ್ರ ವಾಪಸ್ ತಗೋತೀನಿ, ಇವತ್ತೇ ಅವರ ಉಸಿರಿನ ಪರೀಕ್ಷೆ ಮಾಡಿಸ್ತೀನಿ, ಡೈರಿ ಬರೆದದ್ದು ನೀವೇನಾ, ಹೂಂ ಮೇಡಂ, ನಂಗೆ ಎಚ್ಚರ ಆದಾಗೆಲ್ಲ ಇವರಿಗೂ ಆಗಿರುತ್ತೆ ಅಂದ್ಕೊಂಡು ಬರೀತಿದ್ದೆ, ಒಳಗೆ ಭಯವಿದ್ದ ಜಾಗಕ್ಕೆ ಈಗ ಸಿಟ್ಟು ಬಂತು, ಎಷ್ಟು ಹಿತವಾದ ಸಿಟ್ಟು, ನಿದ್ದೆ ಮಾಡುವವರೇ ಬರೀಬೇಕಮ್ಮಾ ಅದನ್ನ, ಬೇರೆಯವರು ಮುಟ್ಟಲೂ ಬಾರದು, ನೀವು ಬರೆದ್ರೂ ಆಗುತ್ತೆ ಅಂತ ಹೇಳಿದ್ದು ಯಾರು, ಅವಳು ಚಪ್ಪಲಿ ನೋಡಿಕೊಂಡಳು, ಮೊದಲ್ನೇ ದಿನ ಮೇಡಂ, ಇವರು ನಂಗೆ ಬರವಣಿಗೆ ಕಷ್ಟ ಅಂದ್ರು, ಅದಕ್ಕೆ ಹೆಂಡ್ತಿ ಕೈಲಿ ಬರೆಸಿ, ಅಂಕಿ ಬಂದ್ರೆ ಸಾಕು ಅಂದ್ರು, ಯಾರಂದ್ರು, ಮುಂದಿನ ಮೇಜಿನ ಗುಮಾಸ್ತನೇ ಇರಬೇಕು, ಅವನಿಗೆ ಎಲ್ಲದರಲ್ಲೂ ಅವಸರ, ಇಲ್ಲ, ಹಾಳೆ ಹಂಚುವ ತರಬೇತಿಯ ಹುಡುಗಿ, ಸೋಮವಾರ ಕರೆದು ಕೂರಿಸಿ ಕೇಳುತ್ತೇನೆ, ಹೇಳಿ ಅಮ್ಮಾ, ಹೆದರಬೇಡಿ, ಯಾರ ಹೆಸರಾದರೂ ಸರಿ — ಗುಮಾಸ್ತನೇ, ಗುಮಾಸ್ತನಾಗಿರಲಿ, ಅವಳೇಕೆ ತಲೆ ಎತ್ತುತ್ತಿಲ್ಲ, ಮೆಟ್ಟಿಲ ದೀಪ ಆರಿ ಹೊತ್ತಿಕೊಂಡಿತು, ಗದ್ದ ಎದೆಗೆ, ಅಂಗಿಯ ಗುಂಡಿ ಅಲುಗದೆ, ಐದು, ಆರು, ಏಳು, ಗದ್ದ ಎದೆಗೆ —

ನೀವೇ, ಮೇಡಂ.