ಮೂರನೇ ಹಾಡಿನ ಅಡಿಯಲ್ಲಿ

"ಆ ಸಾಲು ಇನ್ನೊಮ್ಮೆ ಓದು, ಲೀಲಣ್ಣ," ಎಂದು ಹುಲಗಪ್ಪ ಪತ್ರಿಕೆಯನ್ನು ನನ್ನ ಕೈಗೆ ತುರುಕಿದ.

ಠಾಣೆ ಊರಿನ ನೌಪಾಡಾದ ಹೋಟೆಲಿನಲ್ಲಿ ನಾನು ಟೇಬಲ್ ಒರೆಸುತ್ತಿದ್ದೆ. ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಇಂಗ್ಲಿಷನ್ನು ಕನ್ನಡ ಮಾಡಿ ಓದಿದೆ: 'ಪೋಸ್ಟ್-ಪಂಕ್ ಎಂಬ ಒರಟು ರಾಕ್ ಸಂಗೀತದ ಈ ಜೋಡಿಯ ಮೊದಲ ಕ್ಯಾಸೆಟ್ಟಿನಲ್ಲಿ ಗಿಟಾರು ಇನ್ನೂ ಕಲಿಯುತ್ತಿದೆ, ಕಬ್ಬಿಣ ಹಾಡುತ್ತಿದೆ. ಆದರೆ ಮೂರನೇ ಹಾಡಿನ ಅಡಿಯಲ್ಲಿ ಮುದುಕಿಯೊಬ್ಬಳು ಏನೋ ಹೇಳುತ್ತಿದ್ದಾಳೆ. ಈ ವರ್ಷ ನಾನು ಕೇಳಿದ ದನಿಗಳಲ್ಲೆಲ್ಲ ಅದೇ ದೊಡ್ಡದು.'

ಹೋದ ವಾರದ ವಿಮರ್ಶಕ ನಮ್ಮ ಹಾಡುಗಳನ್ನು ಪಾತ್ರೆ ತೊಳೆಯುವ ಸದ್ದು ಎಂದಿದ್ದ. ಅದಕ್ಕೆ ಹುಲಗಪ್ಪ ನಕ್ಕಿದ್ದ. ಇವತ್ತು ನಗಲಿಲ್ಲ.

"ಮುದುಕಿ ಎಲ್ಲಿಂದ ಬಂದಳು ಮಾರಾಯ? ರೆಕಾರ್ಡ್ ಮಾಡುವಾಗ ಕಳಂಬೋಲಿಯ ಕಬ್ಬಿಣದ ಗೋದಾಮಿನಲ್ಲಿ ನಾವಿಬ್ಬರೇ ಇದ್ದದ್ದಲ್ಲವಾ? ನಾನು ಗಿಟಾರು, ನೀನು ಸರಳು ಬಡಿದದ್ದು."

"ನಮ್ಮವ್ವ," ಎಂದ.

ಅವನ ತಾಯಿ ಮರಗಮ್ಮ ಸತ್ತು ವರ್ಷವಾಗಿತ್ತು. ಬರೆಯಲು ಬಾರದ ಅವಳು ಯಾರದೋ ಟೇಪಿನಲ್ಲಿ ಮಾತಾಡಿ, ರಾಯಚೂರಿನಿಂದ ಬರುವವರ ಕೈಯಲ್ಲಿ ಕ್ಯಾಸೆಟ್ ಕಳಿಸಿದ್ದಳಂತೆ.

"ಊರಿಗೆ ಬಾ ಅಂತಾಳ, ಮತ್ತೇನ್ ಅಂತಾಳ. ಆಮ್ಯಾಲೆ ಕೇಳಿದ್ರಾತು ಅಂತ ಟ್ರಂಕಿನ್ಯಾಗ ಇಟ್ಟೆ. ಅಷ್ಟರಾಗ ಹೋದ್ಲು. ಕೇಳಾಕ ಅಂಜಿಕಿ ಬಂತು. ನೀ ಖಾಲಿ ಕ್ಯಾಸೆಟ್ ಅದ ಏನು ಅಂದಿ. ಅದನ್ನೇ ಕೊಟ್ಟೆ."

ಅದರ ಮೇಲೆ ರೆಕಾರ್ಡ್ ಗುಂಡಿ ಒತ್ತಿದವನು ನಾನು. ನಮ್ಮ ಹಳೆಯ ಟೇಪ್‌ರೆಕಾರ್ಡರು ಹಿಂದಿನದನ್ನು ಪೂರ್ತಿ ಅಳಿಸುತ್ತಿರಲಿಲ್ಲ. ಎರಡು ಪೆಟ್ಟುಗಳ ನಡುವೆ ಅವಳು ಉಳಿದುಬಿಟ್ಟಿದ್ದಳು. ಠಾಣೆಯ ಅಂಗಡಿಗಳಲ್ಲಿ ಈಗ ಯಾರು ಬೇಕಾದರೂ ಅವಳನ್ನು ಕೊಳ್ಳಬಹುದಿತ್ತು.

"ಎಂತ ಹೇಳ್ತಾರೆ?"

"'ಹುಲಗ್ಯಾ' ಅಂತಾಳ. ಅದೊಂದೇ ತಿಳೀತದ. ಮುಂದ ನನ್ನ ಸರಳು ಬೀಳ್ತದ."

ಕ್ಯಾಸೆಟ್ ಕಂಪನಿಯ ಮುಕ್ತಾ ಡೊಂಬಿವಲಿಯಿಂದ ಬಂದಾಗ ಮಧ್ಯಾಹ್ನದ ಊಟದವರು ಎದ್ದು ಹೋಗಿದ್ದರು. ಅದೇ ಪತ್ರಿಕೆ ಅವಳ ಕೈಯಲ್ಲೂ ಇತ್ತು.

"ಅರೇ, ಎಲ್ಲರೂ ಆ ಆಜಿಯನ್ನೇ ಕೇಳ್ತಿದ್ದಾರೆ! ಮೂಲ ಕ್ಯಾಸೆಟ್ ಕೊಡಿ. ಸ್ಟುಡಿಯೋದಲ್ಲಿ ಕಬ್ಬಿಣದ ಸದ್ದು ಕೆಳಗೆ ಇಳಿಸಿ ಅವರನ್ನ ಮೇಲೆ ತರ್ತಾರೆ. ಒಂದೊಂದು ಮಾತೂ ಏಕ್‌ದಮ್ ಸಾಫ್. ಈ ಸಲ ದೊಡ್ಡ ರೆಕಾರ್ಡೇ ತೆಗೀತೇವೆ."

ಹುಲಗಪ್ಪನ ಅಂಗೈ ಅಂಗಿಯ ಜೇಬಿನ ಮೇಲೆ ಹೋಯಿತು. ಕ್ಯಾಸೆಟ್ ಅಲ್ಲೇ ಇತ್ತು.

"ಅಮ್ಮ ಎಂತ ಹೇಳಿದ್ದು ಅಂತ ನಿನಗೂ ಗೊತ್ತಾಗ್ತದಲ್ಲ," ಎಂದೆ ನಾನು, ಮೆಲ್ಲಗೆ.

ಅವನು ನನ್ನನ್ನು ನೋಡಲಿಲ್ಲ.

"ಕೊಡಂಗಿಲ್ಲ," ಎಂದ.